ಎಡಗಡೆಯ ಕೊನೆಯ ಗುಬುಟು

ಸುಳ್ಳು ಹೇಳುವುದು ಬೇರೆ, ಸುಮ್ಮನಿರುವುದು ಬೇರೆ ಎಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಅಶ್ವಥ್ ಮತ್ತೊಮ್ಮೆ ತೀರ್ಮಾನಿಸಿದ. ಒಂದು ವಾರದಿಂದ ದಿನಾ ಬೆಳಿಗ್ಗೆ ಇದೇ ತೀರ್ಮಾನಕ್ಕೆ ಬರುತ್ತಿದ್ದ. ಬಾಯಿ ಮುಕ್ಕಳಿಸಿ ಉಗುಳುವಷ್ಟರಲ್ಲಿ ಅದರ ಗಟ್ಟಿತನ ಹೋಗಿರುತ್ತಿತ್ತು. ಪಕ್ಕದ ಮನೆಯ ಮೆಟ್ಟಿಲ ಮೇಲೆ ಕುಪ್ಪುಸ್ವಾಮಿ ಆಗಲೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅಂಗೈಗಳನ್ನು ಮಂಡಿಯ ಮೇಲಿಟ್ಟು, ನೆಲವನ್ನು ನೋಡುತ್ತ ಕೂತಿದ್ದರು. ಚಿನ್ನದ ಗಣಿ ಮುಚ್ಚಿದ ಮೇಲೆ ಇಷ್ಟು ವರ್ಷ ಬನಿಯನ್ನಿನಲ್ಲೇ ಕೂತಿದ್ದ ಮನುಷ್ಯ. ಈ ವಾರ ಮಾತ್ರ ದಿನಾ ಅಂಗಿ, ದಿನಾ ಕ್ಷೌರ. ನೆಲವೂ ತನಗೆ ಗೌರವ ಕೊಡುತ್ತಿದೆ ಎಂಬಂತೆ ಅದನ್ನು ನೋಡುವ ರೀತಿ. ಅಶ್ವಥ್ ನೊರೆಯನ್ನು ಆದಷ್ಟು ಸದ್ದಿಲ್ಲದೆ ಚರಂಡಿಗೆ ಉಗುಳಿದ.

"ಮಾಪ್ಳೆ, ಇವತ್ತು ಬೇಗ ಬಂದ್ಬಿಡು. ಇವತ್ತೇ ಕಡೇ ದಿನ," ಅಂದರು ಕುಪ್ಪುಸ್ವಾಮಿ, ತಮಿಳಿನಲ್ಲಿ ಅಳಿಯನನ್ನು ಕರೆಯುವ ಹಾಗೆ.

"ಯಾತಕ್ಕೆ ಮಾಮ?" ಗೊತ್ತಿದ್ದೂ ಕೇಳಿದ.

"ಎರಡನೇದಕ್ಕೆ. ಏರ್ ಬ್ಲಾಸ್ಟ್ ಒಂಟಿಯಾಗಿ ಬರಲ್ಲ ಡಾ. ಒಂದು ಬಂದ್ರೆ ವಾರದೊಳಗೆ ಇನ್ನೊಂದು ಬಂದೇ ಬತ್ತದೆ. ಅಣ್ಣ ಬಂದ್ಮೇಲೆ ತಮ್ಮ."

"ಬರ್ಲಿಲ್ಲ ಅಂದ್ರೆ?"

ಕುಪ್ಪುಸ್ವಾಮಿ ನಕ್ಕರು. ಕರುಣೆಯ ನಗು. "ನೀನು ರಾಗಿ ಒಲದೋನು ಕಣಪ್ಪ. ನಿಂಗೇನ್ ಗೊತ್ತು ಒಳಗಿನ ಸುದ್ದಿ."

ಒಳಗಿನ ಸುದ್ದಿ. ಸೆಲ್ವಿಯನ್ನು ಮದುವೆಯಾಗಿ, ಅತ್ತೆಗೆ ಗಂಡುಮಕ್ಕಳಿಲ್ಲವೆಂದು ಗಣಿ ಕೆಲಸಗಾರರ ಸಾಲುಮನೆಗಳ ಈ ನಂದಿದುರ್ಗ ಲೈನಿಗೇ ಬಂದು ನೆಲೆಸಿದಾಗಿನಿಂದ ಅಶ್ವಥ್ ಈ ಮಾತು ಕೇಳುತ್ತಲೇ ಇದ್ದ. ಇಲ್ಲಿ ಒಬ್ಬೊಬ್ಬನ ಯೋಗ್ಯತೆ ಅವನ ಅಪ್ಪ ಎಷ್ಟು ಆಳಕ್ಕೆ ಇಳಿಯುತ್ತಿದ್ದ ಎಂಬುದರ ಮೇಲೆ ನಿಂತಿತ್ತು. ಬೂದಿಕೋಟೆಯ ಅವನ ಅಪ್ಪ ಜೀವಮಾನದಲ್ಲಿ ಇಳಿದಿದ್ದ ಅತ್ಯಂತ ಆಳದ ಜಾಗವೆಂದರೆ ತೋಟದ ಬಾವಿ, ಅದೂ ಪಂಪಿನ ಬಾಯಿಗೆ ಸಿಕ್ಕಿಕೊಂಡ ಕಪ್ಪೆ ತೆಗೆಯಲು. ಮದುವೆಯ ಮರುದಿನ ಇದನ್ನು ತಮಾಷೆಗೆಂದು ಹೇಳಿದ್ದ. ಅವತ್ತಿನಿಂದ ಲೈನಿನಲ್ಲಿ ಅವನ ಅಪ್ಪನಿಗೆ ಕಪ್ಪೆಯಪ್ಪ ಎಂದೇ ಹೆಸರು. ಭೂಮಿ ಒಳಗಿನಿಂದ ಸಿಡಿಯುವುದು, ಟೊಳ್ಳಾದ ಗಣಿಯಲ್ಲಿ ಬಂಡೆ ಒಡೆದು ಮೇಲಿನ ಮನೆಗಳ ಪಾತ್ರೆ ಉರುಳುವುದು, ಅದಕ್ಕೆ ಏರ್ ಬ್ಲಾಸ್ಟ್ ಎನ್ನುವುದು, ಇವೆಲ್ಲ ಅವನಿಗೆ ಕೇಳಿ ಗೊತ್ತು. ಅನುಭವಿಸಿ ಗೊತ್ತಿರಲಿಲ್ಲ. ಅನುಭವಿಸದವನು ಮಾತಾಡಬಾರದು ಎನ್ನುವುದು ಲೈನಿನ ನಿಯಮ. ಅಂಥವನು ಅಂಥದ್ದನ್ನು ತಾನೇ ಮಾಡಿ ತೋರಿಸಿದ್ದಾನೆ, ಮತ್ತು ಅದನ್ನು ಯಾರಿಗೂ ಹೇಳುವಂತಿಲ್ಲ. ಹಲ್ಲುಜ್ಜುವಾಗ ಬರುತ್ತಿದ್ದ ಸಂಕಟಕ್ಕೆ ಅರ್ಧ ಕಾರಣ ತಪ್ಪಿತಸ್ಥ ಭಾವನೆ. ಇನ್ನರ್ಧ, ನಿಜ ಹೇಳಬೇಕೆಂದರೆ, ಕೊಚ್ಚಿಕೊಳ್ಳಲಾಗದ ಸಂಕಟ.

ಎಲ್ಲ ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. ಬಂಗಾರಪೇಟೆಯ ಗೆಳೆಯ ನರೇಶನ ಆರ್ಕೆಸ್ಟ್ರಾ ಮುಚ್ಚಿಹೋದಾಗ ಅವನ ಆಂಪ್ಲಿಫೈಯರ್, ಈಕ್ವಲೈಸರ್ ಮತ್ತು ಕರುವಿನಷ್ಟು ಎತ್ತರದ ಒಂದು ಬೇಸ್ ಬಾಕ್ಸು ಅಶ್ವಥನ ಮನೆಗೆ ಬಂದವು. ಅತ್ತೆ ಮುನಿಶಾಮಮ್ಮ ಮೊದಲ ದಿನ ಅದನ್ನು ಬೀರು ಅಂದುಕೊಂಡು ಸುತ್ತ ತಿರುಗಿ ಬಾಗಿಲು ಹುಡುಕಿದರು. ಬಾಗಿಲಿಲ್ಲವೆಂದು ಖಾತ್ರಿಯಾದ ಮೇಲೆ ಅದರ ತಲೆಯ ಮೇಲೊಂದು ಬಟ್ಟೆ ಹಾಸಿ ಉಪ್ಪಿನಕಾಯಿ ಜಾಡಿ ಇಟ್ಟರು. ಈಕ್ವಲೈಸರಿನಲ್ಲಿ ಸಾಲಾಗಿ ಹತ್ತು ಗುಬುಟುಗಳಿದ್ದವು. ಒಂದೊಂದನ್ನೂ ಮೇಲಕ್ಕೆ ಕೆಳಕ್ಕೆ ಜಾರಿಸಬಹುದು, ಒಂದೊಂದರ ನೆತ್ತಿಯಲ್ಲೂ ಒಂದು ಕೆಂಪು ದೀಪ. ಸೆಲ್ವಿ ಅವಕ್ಕೆ ಹಲ್ಲು ಅನ್ನುತ್ತಿದ್ದಳು. ಎಡಗಡೆಯವು ಗುಡುಗಿನಂಥ ದಪ್ಪ ಸದ್ದಿಗೆ, ಬಲಗಡೆಯವು ಗೆಜ್ಜೆಯಂಥ ಸಣ್ಣ ಸದ್ದಿಗೆ, ನಡುವಿನವು ಮನುಷ್ಯರ ಗಂಟಲಿಗೆ. ನರೇಶ ಕೊಟ್ಟದ್ದು ಡಬ್ಬ ಮಾತ್ರವಲ್ಲ, ಜೊತೆಗೆ ಒಂದು ಉಪದೇಶವನ್ನೂ.

"ಎಲ್ಲಾ ನಡುಮಧ್ಯಕ್ಕೆ ಇಟ್ಬುಡ್ಲಾ. ಆಡ್ದೋನು, ರೆಕಾರ್ಡ್ ಮಾಡ್ದೋನು ಉಪ್ಪು ಉಳಿ ಎಲ್ಲಾ ಆಕೇ ಕಳ್ಸಿರ್ತಾನೆ. ನೀನು ಮತ್ತೆ ಉಪ್ಪು ಆಕುದ್ರೆ ಅಡಿಗೆ ಮಾಡ್ದೋನಿಗೆ ಅವಮಾನ."

"ಅಂಗಂದ್ಮೇಲೆ ಈ ಡಬ್ಬಾ ಯಾಕ್ಲಾ ನನ್ ತಲೆಗೆ ಕಟ್ತಿದೀಯ?"

"ನಿಮ್ಮನೆ ತಗಡಿಗೆ. ನಿಮ್ಮತ್ತೆ ಪಾತ್ರೆ ಸ್ಟ್ಯಾಂಡಿಗೆ. ಆಡು ಸರಿಯಾಗೇ ಇರ್ತದೆ, ಮನೆ ಸರಿ ಇರಲ್ಲ. ಒಂದೊಂದೇ ಮೇಲಕ್ಕೆ ತಳ್ಳು. ಯಾವುದಕ್ಕೆ ಮನೆ ಗಲಾಟೆ ಮಾಡ್ತದೋ ಅದುನ್ನ ಕೆಳಕ್ಕೆ ಎಳಿ. ಏರ್ಸೋದು ಉಡುಕಾಕೆ, ಇಳ್ಸೋದು ಕೇಳಾಕೆ. ಅಷ್ಟೇ ವಿದ್ಯೆ."

ಈ ವಿದ್ಯೆ ಅಶ್ವಥನಿಗೆ ತಲೆಗೇರಿತು. ಹಾಡು ಕೇಳುವುದಕ್ಕಿಂತ ಹಾಡನ್ನು ತಿದ್ದುವುದೇ ಹೆಚ್ಚಾಯಿತು. ಸ್ವಲ್ಪ ದಿನದಲ್ಲಿ ಗುಬುಟುಗಳಿಗೆ ಮನುಷ್ಯರ ಹೆಸರು ಬಂದವು. ಬಲಗಡೆಯ ಕೊನೆಯದು ಸೆಲ್ವಿ ಮುನಿಸಿಕೊಂಡಾಗ ಹಲ್ಲಿನ ಸಂದಿಯಲ್ಲಿ ಹೊರಡಿಸುವ ಗಾಳಿ. ಅದರ ಪಕ್ಕದ್ದು ಅತ್ತೆ ಪಾತ್ರೆ ತಿಕ್ಕುವ ಸದ್ದು. ಅವನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯ, ಮೂಗಿನಿಂದ ಮಾತಾಡುವ ಯಜಮಾನರು ಸರಿಯಾಗಿ ನಡುವಿನಲ್ಲಿದ್ದರು. ಅವರನ್ನು ಒಮ್ಮೆ ತಳ ಮುಟ್ಟುವಷ್ಟು ಕೆಳಗಿಳಿಸಿ ಇಡೀ ಸಂಜೆ ಹಾಗೇ ಬಿಟ್ಟು ಸುಖಪಟ್ಟಿದ್ದ. ಮನುಷ್ಯರ ನಡುವೆ ಕೂತಿದ್ದಾಗಲೂ ಅವನ ಬೆರಳು ತೊಡೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು: ಇವರನ್ನು ಸ್ವಲ್ಪ ಇಳಿಸಿದರೆ, ಅವರನ್ನು ಸ್ವಲ್ಪ ಏರಿಸಿದರೆ, ಈ ಲೈನು ಕೇಳುವಂತಾಗುತ್ತದೆ. ಎಡಗಡೆಯ ಕೊನೆಯ ಗುಬುಟಿಗೆ ಮಾತ್ರ ಹೆಸರಿಡಲು ಯಾರೂ ಸಿಕ್ಕಿರಲಿಲ್ಲ. ಅಷ್ಟು ಕೆಳಗಿನ ದನಿ ಯಾರದೂ ಇರಲಿಲ್ಲ. ಹೋದ ಭಾನುವಾರ ಸಂಜೆ, ಉಳಿದವೆಲ್ಲ ಮುಗಿದ ಮೇಲೆ, ನರೇಶ ಹೇಳಿಕೊಟ್ಟ ವಿಧಾನದಲ್ಲೇ, ಯಾವುದೋ ಉರುಮೆ ಬಡಿತದ ಹಾಡು ಹಾಕಿ ಅದನ್ನೂ ತುದಿಯವರೆಗೆ ತಳ್ಳಿದ.

ಮೊದಲು ಏನೂ ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದೇ ವಿಶೇಷ. ಆಮೇಲೆ ಅಂಗಾಲಿನಲ್ಲಿ ಏನೋ ಹರಿದಂತಾಯಿತು. ಪಾತ್ರೆ ಸ್ಟ್ಯಾಂಡಿನ ತಟ್ಟೆಗಳು ಒಂದಕ್ಕೊಂದು ಹಲ್ಲು ಕಡಿದವು. ಉಪ್ಪಿನಕಾಯಿ ಜಾಡಿ ತನ್ನಷ್ಟಕ್ಕೆ ನಡೆದುಕೊಂಡು ಬಾಕ್ಸಿನ ಅಂಚಿಗೆ ಬಂದು ಬಿತ್ತು. ಲೈನಿನ ಉದ್ದಕ್ಕೂ ಒಂದೇ ಗೋಡೆ, ಒಂದೇ ತಗಡು, ಅದೆಲ್ಲ ಈ ತುದಿಯಿಂದ ಆ ತುದಿಗೆ ಗುಂಯ್ ಎಂದಿತು. ಅವನು ತಕ್ಷಣ ಗುಬುಟನ್ನು ಕೆಳಗೆಳೆದ. ಅಷ್ಟರಲ್ಲಿ ಹೊರಗೆ "ಬ್ಲಾಸ್ಟು! ಬ್ಲಾಸ್ಟು!" ಎಂಬ ಕೂಗು. ಲೈನೆಲ್ಲ ಬೀದಿಯಲ್ಲಿ ನಿಂತಿತ್ತು. ಬೇರೆ ಯಾವ ಊರಿನಲ್ಲಾದರೂ ಜನ ಬಂದು ಸೌಂಡ್ ಕಮ್ಮಿ ಮಾಡಯ್ಯ ಎಂದು ಬೈಯುತ್ತಿದ್ದರು. ಇಲ್ಲಿಯವರಿಗೆ ಕಾಲಡಿ ಅದುರಿದರೆ ತಲೆಗೆ ಬರುವುದು ಒಂದೇ. ಅಶ್ವಥನೂ ಹೊರಗೆ ಹೋಗಿ ಅವರ ಜೊತೆ ನಿಂತು ನೆಲ ನೋಡಿದ. ಬಾಯಿ ತೆರೆಯಬೇಕೆಂದೇ ಹೋಗಿದ್ದ. ಎದುರು ಸಾಲಿನ ಓಬಳಮ್ಮ, ಬ್ಲಾಸ್ಟಿನಲ್ಲಿ ಗಂಡನನ್ನು ಕಳೆದುಕೊಂಡವಳು, ಚಪ್ಪಲಿ ಹಾಕದೆ, ಗೋಡೆಯ ಮೇಲಿದ್ದ ಗಂಡನ ಫೋಟೊ ಕಂಕುಳಲ್ಲಿ ಇರುಕಿಕೊಂಡು ಓಡಿಬಂದಿದ್ದಳು. ಫೋಟೊದಲ್ಲಿದ್ದವನು ತಲೆಕೆಳಗಾಗಿ ಅಶ್ವಥನನ್ನೇ ನೋಡುತ್ತಿದ್ದ. ಅದನ್ನು ಕಂಡ ಮೇಲೆ ಬಾಯಿ ತೆರೆಯಲಾಗಲಿಲ್ಲ. ಅಷ್ಟರಲ್ಲಿ ಕುಪ್ಪುಸ್ವಾಮಿ ಬನಿಯನ್ನಿನಲ್ಲೇ ಎದ್ದು, ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, "ಪಡುವಣ ಕಡೆಯದು. ಆಳದ್ದು. ಮೇಲಿನ ಲೆವೆಲ್ ಅಲ್ಲ," ಎಂದು ತೀರ್ಪು ಕೊಟ್ಟರು. ತೀರ್ಪಿನ ಪಡುವಣ ದಿಕ್ಕಿನಲ್ಲಿ ಅಶ್ವಥನ ಮನೆಯೂ ಇತ್ತು ಎಂಬುದು ಅವನೊಬ್ಬನಿಗೇ ಹೊಳೆಯಿತು. ನಗು ಹೊಟ್ಟೆಯಿಂದ ಎದ್ದು ಗಂಟಲಲ್ಲಿ ನಿಂತಿತು, ಕೆಮ್ಮಿದ. ಜನ ಕುಪ್ಪುಸ್ವಾಮಿಯ ಸುತ್ತ ಸೇರಿದ್ದರು. ಅವರು ಗಣಿಯ ಮಾತು ತೆಗೆದರೆ "ತಾತ ಶುರು ಮಾಡುದ್ರು" ಎಂದು ಎದ್ದುಹೋಗುವ ಅವರ ಮೊಮ್ಮಗಳು ಲಿಖಿತ ಕೂಡ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದಳು. ಅದೇ ವಿಡಿಯೊದಲ್ಲಿ ಕುಪ್ಪುಸ್ವಾಮಿ ಯಾರೂ ಕೇಳದೆ ಹೇಳಿದ್ದು: ವಾರದೊಳಗೆ ಎರಡನೇದು ಬತ್ತದೆ.

ಅಲ್ಲಿಗೆ ಅಶ್ವಥನ ಮೌನಕ್ಕೆ ಗಡುವು ಬಿತ್ತು. ಎರಡನೆಯದು ಬರದಿದ್ದರೆ ಮುದುಕ ಮತ್ತೆ ಬನಿಯನ್ನಿಗೆ ಇಳಿಯುತ್ತಾರೆ. ಈ ಸಲ ಬರೀ ಬನಿಯನ್ನಲ್ಲ, ನಗೆಪಾಟಲೂ ಸೇರಿ. ಬರಿಸಿದರೆ ಓಬಳಮ್ಮ ಮತ್ತೆ ಫೋಟೊ ಹಿಡಿದು ಓಡುತ್ತಾಳೆ. ನಿಜ ಹೇಳಿದರೆ ಇಬ್ಬರೂ ಸೇರಿ ಅವನನ್ನು ಲೈನಿನಿಂದ ಓಡಿಸುತ್ತಾರೆ, ಕಪ್ಪೆಯಪ್ಪನ ಮಗ ಎಂದು. ಭಾನುವಾರ ಹಳ್ಳಿಯವರು ಬರುತ್ತಾರೆಂದು ಬಂಗಾರಪೇಟೆಯ ಕನ್ನಡಕದ ಅಂಗಡಿ ಅರ್ಧ ದಿನ ತೆರೆದಿರುತ್ತಿತ್ತು. ಅಶ್ವಥನ ಕೆಲಸ, ಬಂದವರ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಿ ಗಾಜು ಬದಲಿಸುತ್ತ "ಇದಾ? ಇದಾ?" ಎಂದು ಕೇಳುವುದು. ಜನ ಸುಳ್ಳು ಹೇಳುತ್ತಾರೆ ಎನ್ನುವುದು ಅವನು ಈ ಕೆಲಸದಲ್ಲಿ ಕಲಿತ ಮೊದಲ ಪಾಠ. ಕಾಣದಿದ್ದರೂ ಕಾಣುತ್ತದೆ ಎನ್ನುತ್ತಾರೆ, ಕೇಳುವವನಿಗೆ ಬೇಜಾರಾಗದಿರಲೆಂದು. ಇವತ್ತು ಕೂತಿದ್ದವರು ಅವನ ಊರಿನವರೇ, ಬೂದಿಕೋಟೆಯ ಕೋದಂಡಪ್ಪ, ಡೇರಿಗೆ ಹಾಲು ಹಾಕಿ ಬಸ್ಸು ಹಿಡಿದು ಬಂದಿದ್ದರು.

"ಇದಾ ಚೆನ್ನಾಗೈತೆ? ಇದಾ?"

"ಎರಡೂ ಚೆನ್ನಾಗವೆ ಕಣಪ್ಪ."

"ಅಂಗಲ್ಲ ದೊಡ್ಡಪ್ಪ. ಯಾವುದ್ರಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣ್ತದೆ?"

"ಅಕ್ಷರ ನಂಗೆ ಮೊದ್ಲಿಂದ್ಲೂ ಕಾಣಲ್ಲ. ಎಮ್ಮೆ ಕಾಣ್ತವೆ. ಅದು ಬಿಡು, ನಿಮ್ ಕಡೆ ಭೂಮಿ ಅದ್ರುತಂತಲ್ಲೋ? ಒಬ್ಬ ಮುದುಕಪ್ಪ ಗೋಡೆ ಮುಟ್ಟಿ ಏಳ್ತಾನೆ, ಬಲೇ ಏಳ್ತಾನೆ. ಮೊಬೈಲಲ್ಲಿ ಬಂದಿತ್ತು. ಇವತ್ತು ಸಾಯಂಕಾಲ ಇನ್ನೊಂದು ಬತ್ತದಂತೆ?"

"ಬಂದ್ರೂ ಬರಬೋದು," ಅಂದ ಅಶ್ವಥ್. ತನ್ನ ದನಿ ತನಗೇ ನಡುವಿನ ಗುಬುಟಿನಿಂದ ಬಂದಂತೆ, ಯಜಮಾನರ ಮೂಗಿನ ದನಿಯಂತೆ ಕೇಳಿಸಿತು. ಗಾಜು ಬದಲಿಸಿದ. "ಇದಾ?"

"ನೀನೇ ಒಂದು ಏಳಪ್ಪ ಯಾವುದಂತ. ನಿಂಗೆ ಗೊತ್ತಿರ್ತದಲ್ಲ."

ಗೊತ್ತಿರಲಿಲ್ಲ. ಇನ್ನೊಬ್ಬರ ಕಣ್ಣಿಗೆ ಏನು ಕಾಣುತ್ತದೆಂದು ಯಾರಿಗೆ ಗೊತ್ತಿರುತ್ತದೆ. ಮಧ್ಯಾಹ್ನ ಮಾರಿಕುಪ್ಪಂ ರೈಲಿನ ಬಾಗಿಲಲ್ಲಿ ನಿಂತು ಹಿಂತಿರುಗುವಾಗ ಬೋಗಿಯ ನೆಲದ ಅದುರು ಮೊಣಕಾಲಿನವರೆಗೆ ಹತ್ತುತ್ತಿತ್ತು. ಇದೂ ಎಡಗಡೆಯದೇ, ಅಂದುಕೊಂಡ. ಎಲ್ಲ ಕಡೆ ಇರುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ, ಯಾರಾದರೂ ತುದಿಗೆ ತಳ್ಳುವವರೆಗೆ. ಉಪ್ಪು ಮುಟ್ಟಬೇಡ ಅಂದಿದ್ದ ನರೇಶ. ಆದರೆ ಅತ್ತೆಯ ಸಾರಿಗೆ ಪಕ್ಕದಲ್ಲಿ ಉಪ್ಪಿಟ್ಟುಕೊಳ್ಳದೆ ಯಾರಾದರೂ ಊಟ ಮಾಡಿದ್ದುಂಟೆ? ಅಡಿಗೆ ಮಾಡಿದವರಿಗೆ ಅವಮಾನ, ಸರಿ. ತಿನ್ನುವವನ ನಾಲಿಗೆಗೂ ಒಂದು ಮಾನವಿಲ್ಲವೆ? ಹೀಗೆ ಹಾಡಿನಿಂದ ಸಾರಿಗೆ, ಸಾರಿನಿಂದ ನ್ಯಾಯಕ್ಕೆ ಹೋಗಿ, ಕೋರಮಂಡಲ್ ಸ್ಟೇಷನ್ ದಾಟುವಷ್ಟರಲ್ಲಿ ಅವನು ನಿರ್ಧಾರ ಮಾಡಿಬಿಟ್ಟಿದ್ದ. ಕೊಡುವುದು. ಸಣ್ಣದೊಂದು ಕೊಡುವುದು. ತುದಿಯವರೆಗೆ ಬೇಡ, ಮುಕ್ಕಾಲು. ಮುದುಕನ ಮರ್ಯಾದೆಗೆ ಸಾಕಾಗುವಷ್ಟು, ಓಬಳಮ್ಮ ಓಡದಿರುವಷ್ಟು. ಇಷ್ಟು ನಾಜೂಕಾಗಿ ಜನರ ಎದೆಯನ್ನು ಅಳೆದು ಅದುರಿಸಬಲ್ಲೆ ಎಂಬ ನಂಬಿಕೆ ಅವನಿಗೆ ಎಲ್ಲಿಂದ ಬಂತೋ. ನಿರ್ಧಾರ ಮಾಡಿದ ಮೇಲೆ ಉಪಕಾರ ಮಾಡುವವನ ಮುಖ ತಾನಾಗಿ ಬಂತು.

ಮನೆಯಲ್ಲಿ ಸೆಲ್ವಿ ಒದ್ದೆ ಬಟ್ಟೆಯಿಂದ ಈಕ್ವಲೈಸರ್ ಒರೆಸಿ ಮುಗಿಸಿದ್ದಳು. ಹತ್ತು ಗುಬುಟುಗಳೂ ಒಂದೇ ಗೆರೆಯಲ್ಲಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ, ತಳದಲ್ಲಿ ನಿಂತಿದ್ದವು. ಎರಡು ತಿಂಗಳ ಅವನ ಸಾಧನೆ, ಯಜಮಾನರನ್ನು ಇಳಿಸಿದ್ದು, ತಗಡನ್ನು ಸುಮ್ಮನಾಗಿಸಿದ್ದು, ಎಲ್ಲ ಮಾಯ.

"ಯಾಕೆ ಮುಟ್ಟಿದೆ ಅದನ್ನ?"

"ಒಂದು ಮೇಲೆ ಒಂದು ಕೆಳಗೆ, ಉಳುಕಲು ಅಲ್ಲು ಇದ್ದಂಗಿತ್ತು. ಸಾಲಾಗಿ ನಿಲ್ಸಿದೀನಿ. ಈಗ ಅಂದವಾಗೈತೆ."

"ಅಂದಕ್ಕಲ್ಲ ಕಣೇ ಅದು ಇರೋದು. ಕೇಳೋಕೆ."

"ಇದೂ ಕೇಳ್ತದೆ, ಅದೂ ಕೇಳ್ತದೆ. ಓದ್ವಾರ ನಾನು ಅಂಗೇ ಒರ್ಸಿಟ್ಟಿದ್ದೆ, ನೀವು ಕೇಳಿ 'ಆಹಾ, ಈಗ ಸರಿಯಾಯ್ತು ನೋಡು' ಅಂದ್ರಲ್ಲ." ಸೆಲ್ವಿ ಬಟ್ಟೆ ಹಿಂಡುತ್ತ ಹೋದಳು.

ಹಾಗೆ ಅಂದಿದ್ದನೆ? ಅಂದಿರಬಹುದು. ಅವನಿಗೆ ಕೋದಂಡಪ್ಪನ ಮುಖ ನೆನಪಾಯಿತು, ಎರಡೂ ಚೆನ್ನಾಗವೆ ಕಣಪ್ಪ. ಅತ್ತೆ ಆಗಲೇ ಪಾತ್ರೆ ಸ್ಟ್ಯಾಂಡಿನಿಂದ ತಟ್ಟೆ ಲೋಟಗಳನ್ನೆಲ್ಲ ಇಳಿಸಿ ನೆಲದ ಮೇಲೆ ಚಾಪೆ ಹಾಸಿ ಜೋಡಿಸಿದ್ದರು. ಹೊಸ ಉಪ್ಪಿನಕಾಯಿ ಜಾಡಿ ಮಾತ್ರ ಬಾಕ್ಸಿನ ಮೇಲಿರಲಿಲ್ಲ, ಅಡಿಗೆಮನೆಯ ಮೂಲೆಗೆ ಹೋಗಿತ್ತು. ಒಡೆದ ಜಾಡಿಯ ಬಗ್ಗೆ ಅವರು ವಾರವಿಡೀ ಒಂದು ಮಾತೂ ಆಡಿರಲಿಲ್ಲ. ಭೂಮಿಯ ಮೇಲೆ ಯಾರು ತಾನೇ ಕೋಪಿಸಿಕೊಳ್ಳುತ್ತಾರೆ, ಎಂದು ಅಶ್ವಥ್ ನೆಮ್ಮದಿಯಿಂದ ಅಂದುಕೊಂಡ.

ಸಂಜೆ ಲೈನು ಹೊರಗೆ ಬಂತು. ಯಾರೂ ಬ್ಲಾಸ್ಟಿಗಾಗಿ ಬಂದವರಲ್ಲ. ಒಬ್ಬಳು ಅವರೆಕಾಯಿ ಬಿಡಿಸಲು ಬಂದಿದ್ದಳು, ಒಬ್ಬ ಬೈಕು ಒರೆಸಲು, ಒಬ್ಬ ಸುಮ್ಮನೆ ಗಾಳಿಗೆ. ಆದರೆ ಎಲ್ಲರ ಕಾಲುಗಳೂ ಚಪ್ಪಲಿ ಬಿಟ್ಟು ನೆಲಕ್ಕೆ ತಾಗಿದ್ದವು. ಬಿಸಿಲು ಗಣಿಯ ಪುಡಿ ಸುರಿದ ಸೈನೈಡ್ ದಿಬ್ಬದ ಮೇಲಿನಿಂದ ಜಾರುತ್ತಿತ್ತು. ಕುಪ್ಪುಸ್ವಾಮಿ ಬಿಳಿ ಅಂಗಿಯಲ್ಲಿ ಮೆಟ್ಟಿಲ ಮೇಲೆ ಕೂತು ಆಗಾಗ ಗೋಡೆ ಮುಟ್ಟಿ ನೋಡುತ್ತಿದ್ದರು, ಜ್ವರ ನೋಡುವ ಹಾಗೆ. ಅಶ್ವಥ್ ಕಿಟಕಿಯ ಸಂದಿಯಲ್ಲಿ ನೋಡಿದ. ಇನ್ನು ಸ್ವಲ್ಪ ಹೊತ್ತು, ಅಂದುಕೊಂಡ. ಮೊದಲು ಅವರು ಸ್ವಲ್ಪ ಬೆವರಲಿ, ಆಮೇಲೆ ಕೊಟ್ಟರೆ ಬೆಲೆ. ಈ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು, ಆದರೂ ಕಾದ. ಹೊರಗೆ ನಾಲಿಗೆಗಳು ಸಡಿಲಾಗತೊಡಗಿದ್ದವು.

"ಏನ್ ಕುಪ್ಪುಸ್ವಾಮಿ ಅಣ್ಣ, ನಿಮ್ ತಮ್ಮಂಗೆ ಬಸ್ ಸಿಗ್ಲಿಲ್ವಾ?" ಬೈಕು ಒರೆಸುತ್ತಿದ್ದ ರಾಜ್‌ಕುಮಾರ್ ಕೇಳಿದ.

"ಆಳದಿಂದ ಬರಬೇಕಲ್ಲಪ್ಪ, ಲಿಫ್ಟ್ ಬೇರೆ ನಿಂತೋಗಿದೆ," ಅಂದಿತು ಇನ್ನೊಂದು ದನಿ.

"ತಾತ, ವಿಡಿಯೊಗೆ ಎಲ್ರೂ ಕಾಯ್ತಿದಾರೆ. ಏನಂತ ಆಕ್ಲಿ?" ಇದು ಲಿಖಿತ.

ಓಬಳಮ್ಮ ಮಾತ್ರ ನಗಲಿಲ್ಲ. ಅವಳ ಮಡಿಲಲ್ಲಿ ಫೋಟೊ ಇತ್ತು, ಈ ಸಲ ಮೊದಲೇ ತಯಾರಾಗಿ, ನೆಟ್ಟಗೆ. ಅದನ್ನು ಕಂಡು ಅಶ್ವಥನ ಮುಕ್ಕಾಲು ಅರ್ಧವಾಯಿತು, ಅರ್ಧ ಕಾಲಾಯಿತು. ಅಷ್ಟರಲ್ಲಿ ಬಾಗಿಲು ತಟ್ಟದೆಯೇ ಕುಪ್ಪುಸ್ವಾಮಿ ಒಳಗೆ ಬಂದರು. "ಒಂದ್ ಲೋಟ ನೀರು ಕೊಡು ಮಾಪ್ಳೆ." ನೀರು ಅವರ ಮನೆಯಲ್ಲೂ ಇತ್ತು. ಕುಡಿಯಲೂ ಇಲ್ಲ, ಲೋಟ ಹಿಡಿದು ಸ್ಟೂಲಿನ ಮೇಲೆ, ಬಾಕ್ಸಿನ ಪಕ್ಕದಲ್ಲೇ ಕೂತರು. ಅಂಗಿಯ ಕಂಕುಳು ಒದ್ದೆಯಾಗಿತ್ತು.

"ಏನಾದ್ರೂ ಆಕು. ಒರಗಿನ ಮಾತು ಕೇಳಾಕಾಗಲ್ಲ."

ಅಶ್ವಥ್ ಫೋನಿನಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದ. ಅದೇ ಉರುಮೆ ಹಾಡು. ಎಲ್ಲ ಗುಬುಟು ತಳದಲ್ಲಿದ್ದುದರಿಂದ ಹಾಡು ಕಂಬಳಿ ಹೊದ್ದವನ ಹಾಗೆ ಗೊಣಗಿತು. ಇನ್ನು ಏನನ್ನೂ ಮಾಡುವಂತಿಲ್ಲ. ಮುದುಕ ಕಣ್ಣೆದುರು ಕೂತಿದ್ದಾರೆ. ಉಪಕಾರ ಪಡೆಯುವವನೇ ಬಂದು ಉಪಕಾರಕ್ಕೆ ಅಡ್ಡ ಕೂತಿದ್ದ.

"ಏನೂ ಕೇಳ್ಸಲ್ಲ ಡಾ."

"ಕಿವಿ ಅಷ್ಟು ಓಗೈತಾ ಮಾಮ?"

"ಸಣ್ಣ ಸದ್ದೆಲ್ಲ ಗಣಿ ಡ್ರಿಲ್ಲು ತಿಂದಾಕ್ತು. ಲಿಖಿತ ಮೆಲ್ಲಗೆ ಬಯ್ದ್ರೆ ಬಾಯಿ ಆಡೋದು ಕಾಣ್ತದೆ, ಅಷ್ಟೇ. ಒಂದು ಲೆಕ್ಕದಲ್ಲಿ ಒಳ್ಳೇದೇ." ಅವರು ಮುಂದಕ್ಕೆ ಬಗ್ಗಿದರು. "ಈ ಅಲ್ಲು ಯಾತಕ್ಕೆ?"

ಹೇಳಿಕೊಡುವ ಸಂತೋಷಕ್ಕೆ ಅಶ್ವಥ್ ಯಾವತ್ತೂ ಸೋಲುತ್ತಿದ್ದ. ಬಲಗಡೆಯ ಕೊನೆಯದನ್ನು, ಸೆಲ್ವಿಯ ಮುನಿಸನ್ನು, ಮೇಲಕ್ಕೆ ತಳ್ಳಿದ. ಅದರ ಪಕ್ಕದ್ದನ್ನೂ ತಳ್ಳಿದ. ತಗಡು ಕಿರ್ರೆಂದಿತು, ಒಳಗೆ ಸೆಲ್ವಿ "ಅಯ್ಯೋ ಕಿವಿ!" ಎಂದು ಕೂಗಿದಳು. ಕುಪ್ಪುಸ್ವಾಮಿಯ ಮುಖ ಮಾತ್ರ ನಿಧಾನಕ್ಕೆ ಅರಳಿತು.

"ಗೆಜ್ಜೆ," ಅಂದರು. "ಗೆಜ್ಜೆ ಐತೆ ಇದ್ರಲ್ಲಿ! ಏ, ಕೇಳ್ತು ಡಾ!"

ಲೋಟ ಕೆಳಗಿಟ್ಟು ಅವರೇ ಶುರುಮಾಡಿದರು. ಬಲದಿಂದ ಎಡಕ್ಕೆ, ಒಂದೊಂದಾಗಿ, ಎಲ್ಲ ಮೇಲಕ್ಕೆ. ಮೂಗಿನ ಯಜಮಾನರು ಏರಿದರು, ಹಾಡುವವನ ಗಂಟಲು ಏರಿತು, ಮನೆಯೆಲ್ಲ ಸದ್ದು. ತಿಂಗಳುಗಟ್ಟಲೆ ಹುಡುಕಿ ಇಳಿಸಿದ್ದನ್ನೆಲ್ಲ ಮುದುಕ ಒಂದೇ ಏಟಿಗೆ ಏರಿಸುತ್ತಿದ್ದರು, ಮತ್ತು ಆ ಮುಖದಷ್ಟು ಸುಖವಾಗಿ ಯಾವ ಹಾಡನ್ನೂ ತಾನು ಕೇಳಿಲ್ಲವೆಂದು ಅಶ್ವಥನಿಗೆ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚಿನಲ್ಲಿ ಕೊನೆಯದಕ್ಕೆ ಬಂದದ್ದು ಗೊತ್ತಾಗಲಿಲ್ಲ.

"ಮಾಮ, ಅದು ಬೇಡ—"

ಮುದುಕ ತಳ್ಳಿಯಾಗಿತ್ತು. ಅಂಗಾಲಿನಲ್ಲಿ ಅದು ಹರಿಯಿತು. ಚಾಪೆಯ ಮೇಲಿನ ತಟ್ಟೆಗಳು ಹಲ್ಲು ಕಡಿದವು, ತಗಡು ಲೈನಿನುದ್ದಕ್ಕೂ ಗುಂಯ್ ಎಂದಿತು, ಹೊರಗೆ "ಬಂತು! ಬಂತು!" ಎಂದು ಇಡೀ ಲೈನು ಕಿರುಚಿತು. ಕುಪ್ಪುಸ್ವಾಮಿಯ ಎಡಗೈ ತಾನಾಗಿ ಗೋಡೆಗೆ ಹೋಗಿತ್ತು. ಕಣ್ಣು ಮುಚ್ಚಿದ್ದರು. ಬಾಯಿ ತೀರ್ಪಿಗೆ ತೆರೆದಿತ್ತು. ಆಮೇಲೆ ಕಣ್ಣು ತೆರೆದು ತಮ್ಮ ಬಲಗೈ ನೋಡಿದರು. ಗುಬುಟನ್ನು ಕೆಳಗೆಳೆದರು. ನಿಂತಿತು. ಮೇಲಕ್ಕೆ ತಳ್ಳಿದರು. ಬಂತು. ಕೆಳಗೆಳೆದರು. ಅಶ್ವಥ್ ಗೋಡೆಯ ಕ್ಯಾಲೆಂಡರು ನೋಡಿದ, ಫ್ಯಾನು ನೋಡಿದ, ಕೊನೆಗೆ ನೋಡಲು ಬೇರೇನೂ ಉಳಿಯದೆ ಮುದುಕನನ್ನು ನೋಡಿದ. ಕ್ಷೌರ ಮಾಡಿದ ಆ ಕೆನ್ನೆ ಸ್ವಲ್ಪ ಅದುರುತ್ತಿತ್ತು. ಹೊಡೆಯುತ್ತಾರೆ, ಅಂದುಕೊಂಡ. ಹೊಡೆದರೆ ಒಳ್ಳೆಯದು, ಅಂತಲೂ ಅಂದುಕೊಂಡ. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ನಗು ಬರುತ್ತಿತ್ತು, ಅದಕ್ಕಾಗಿ ತನ್ನನ್ನು ತಾನು ಹಳಿದುಕೊಳ್ಳುತ್ತಿದ್ದ, ಹಳಿದುಕೊಂಡಷ್ಟೂ ನಗು ಬರುತ್ತಿತ್ತು.

ಕುಪ್ಪುಸ್ವಾಮಿ ಎದ್ದರು. ಅಂಗಿಯ ತುದಿ ಎಳೆದು ಸರಿಮಾಡಿಕೊಂಡರು. ಅಶ್ವಥ್ ಹಾಡಿನ ಸದ್ದು ತಗ್ಗಿಸುವಷ್ಟರಲ್ಲಿ ಬಾಗಿಲಿಗೆ ಹೋಗಿ ನಿಂತರು.

"ಕೇಳ್ತಾ? ತಮ್ಮ ಬಂದ ನೋಡ್ರಿ," ಅಂದರು ಹೊರಗಿನವರಿಗೆ. ದನಿ ಒಂದಿಷ್ಟೂ ಅಲುಗಲಿಲ್ಲ. "ಇದು ಮೇಲಿನ ಲೆವೆಲ್ದು. ಸಣ್ಣದು. ಇಲ್ಲಿಗೆ ಮುಗೀತು. ಓಬಳಮ್ಮ, ಎದ್ದೋಗಿ ಫೋಟೊ ಗೋಡೆಗೆ ತಗಲಾಕು ತಾಯಿ. ಇನ್ನು ಬರಲ್ಲ."

"ಮೂರನೇದು ಬರಲ್ವಾ ತಾತ?" ಲಿಖಿತಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ.

"ನಾನು ಬರಲ್ಲ ಅಂದ್ಮೇಲೆ ಬರಲ್ಲ."

ರಾಜ್‌ಕುಮಾರ್ "ತಪ್ಪಾಯ್ತು ಅಣ್ಣ" ಅಂದದ್ದು ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿದರು. ಅವರೆಕಾಯಿಯ ಮೊರ, ಬೈಕು ಒರೆಸುವ ಬಟ್ಟೆ, ಎಲ್ಲ ಒಳಗೆ ಹೋದವು. ಓಬಳಮ್ಮನ ಬಾಗಿಲು ಮುಚ್ಚಿತು. ಮುದುಕ ವಾಪಸು ಬಂದು ಅದೇ ಸ್ಟೂಲಿನ ಮೇಲೆ ಕೂತು, ಮುಟ್ಟದೆ ಇಟ್ಟಿದ್ದ ನೀರನ್ನು ಈಗ ಪೂರ್ತಿ ಕುಡಿದರು.

"ಮಾಪ್ಳೆ."

"ಮಾಮ."

"ಒಳಗಿನ ಸುದ್ದಿ ನಿಂಗೂ ಗೊತ್ತಾಯ್ತು ಈಗ." ಲೋಟವನ್ನು ಬಾಕ್ಸಿನ ಮೇಲೆ ಇಟ್ಟರು. "ಬಾಯಿ ಬಿಟ್ಟೀಯೆ, ಕಪ್ಪೆಯಪ್ಪನ ಮಗನೇ."

ಬೈಗುಳದಲ್ಲಿ ಮೊದಲ ಸಲ ಸಲಿಗೆ ಇತ್ತು. ಅಶ್ವಥನಿಗೆ ಏನೋ ಹಗುರವಾಯಿತು. ಇಷ್ಟು ವರ್ಷದ ಮೇಲೆ ಈ ಲೈನಿನಲ್ಲಿ ತನಗೂ ಒಂದು ಆಳ ಸಿಕ್ಕಿತು ಅನ್ನಿಸಿತು. ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಹಾಡು ಅರ್ಧಕ್ಕೆ ಕಡಿಯಿತು, ಕೆಂಪು ದೀಪಗಳು ಒಟ್ಟಿಗೆ ಕಣ್ಣು ಮುಚ್ಚಿದವು, ಫ್ಯಾನು ನಿಧಾನವಾಯಿತು. ಕಿಟಕಿಯಿಂದ ಬರುತ್ತಿದ್ದ ಸಂಜೆಯ ಬೆಳಕಷ್ಟೇ ಉಳಿಯಿತು.

ಆಗ ಬಾಕ್ಸಿನ ಮೇಲಿನ ಖಾಲಿ ಲೋಟ ಟಿಣ್ ಎಂದಿತು.

ಆಮೇಲೆ ಚಾಪೆಯ ಮೇಲಿನ ತಟ್ಟೆಗಳು. ಅಂಗಾಲಿನಲ್ಲಿ ಅದು ಹರಿಯಿತು, ಈ ಸಲ ಬಾಕ್ಸಿನ ಕಡೆಯಿಂದಲ್ಲ, ಬಾಕ್ಸಿನ ಕಡೆಗೆ. ಕುಪ್ಪುಸ್ವಾಮಿಯ ಕೈ ಗೋಡೆಗೆ ಹೋಗಲಿಲ್ಲ. ಅವರು ಅಶ್ವಥನ ಕೈಗಳನ್ನು ನೋಡಿದರು. ಅಶ್ವಥ್ ಎರಡೂ ಕೈಗಳನ್ನು ಎತ್ತಿ ತೋರಿಸಿದ.

"ನಾನಲ್ಲ ಮಾಮ," ಅಂದ ಪಿಸುದನಿಯಲ್ಲಿ.

ಹೊರಗೆ ಯಾರೂ ಕೂಗಲಿಲ್ಲ. ಒಂದು ಬಾಗಿಲೂ ತೆರೆಯಲಿಲ್ಲ. ಮೂರನೆಯದು ಬರುವುದಿಲ್ಲ ಎಂದು ಬಲ್ಲವರು ಹೇಳಿದ ಮೇಲೆ ಲೈನು ಯಾಕೆ ಎದ್ದುಬರುತ್ತದೆ. ತಗಡು ಗುಂಯ್ ಎನ್ನುತ್ತಲೇ ಇತ್ತು. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಸದ್ದು ನಿಂತಿತು. ಅಲ್ಲಿಂದ ಅತ್ತೆಯ ದನಿ ಬಂತು, ಬಲಗಡೆಯ ಎರಡನೆಯ ಗುಬುಟಿನ ದನಿ, ಯಾವ ತಪ್ಪಿಲ್ಲದೆ ಸ್ಪಷ್ಟವಾಗಿ.

"ಅಳಿಯಂದ್ರೇ! ಸಾಕು ನಿಲ್ಸಿ ಆ ಡಬ್ಬಾನ! ಓದ್ವಾರ ಒಂದು ಜಾಡಿ ಉಪ್ಪಿನಕಾಯಿ ಓಯ್ತು, ನೆಲ ನೆಲ ಅಂತ ಊರೆಲ್ಲ ಕುಣೀತು, ನಾನು ಬಾಯಿ ಬಿಟ್ನಾ? ಮುದುಕಪ್ಪನ್ನೂ ಸೇರುಸ್ಕೊಂಡು ಇನ್ನೂ ಆಟವಾ? ಆ ಎಡಗಡೆ ಅಲ್ಲನ್ನ ಕೆಳಕ್ಕೆ ಎಳೀರಿ!"

ಅಶ್ವಥ್ ಕಣ್ಣು ಮುಚ್ಚಿದ್ದ ಕೆಂಪು ದೀಪಗಳನ್ನು ನೋಡಿದ. ಆಮೇಲೆ, ಬೇರೇನು ಮಾಡುವುದೆಂದು ತೋಚದೆ, ಕೈ ಚಾಚಿ ಜೀವವಿಲ್ಲದ ಆ ಡಬ್ಬದ ಎಡಗಡೆಯ ಕೊನೆಯ ಗುಬುಟನ್ನು ಹಿಡಿದು ನೋಡಿದ. ಅದು ಆಗಲೇ ತಳದಲ್ಲಿತ್ತು. ಆದರೂ ಒತ್ತಿ ಇನ್ನಷ್ಟು ಕೆಳಗೆಳೆದ.

ತಟ್ಟೆಗಳು ಸುಮ್ಮನಾದವು.

"ಆಂ, ಅಂಗಿರ್ಲಿ," ಅಂದರು ಅತ್ತೆ, ಮತ್ತೆ ಪಾತ್ರೆ ತಿಕ್ಕತೊಡಗಿದರು.